ಮಿತಿಮೀಮಾಂಸೆ: ಬೀದರ್ ಪ್ರಾಂತದ ಕ್ರೀಡಾವಿಜ್ಞಾನ ಪ್ರಾಜೆಕ್ಟಿನ ಲಕ್ಷಣ ವಿಚಾರ

ಕ್ರೀಡೆ ಮತ್ತು ವ್ಯಾಯಾಮ ವಿಜ್ಞಾನದ ಪದವಿಯ ಅಂತಿಮ ವರ್ಷದಲ್ಲಿ ವಿದ್ಯಾರ್ಥಿಯು ಒಪ್ಪಿಸತಕ್ಕ, ರೆಕ್ಸಿನ್ ಹೊದಿಕೆಯುಳ್ಳ, ಬಂಗಾರದ ಬಣ್ಣದ ಅಕ್ಷರಗಳಿಂದ ಅಲಂಕೃತವಾದ ಗ್ರಂಥವಿಶೇಷಕ್ಕೆ ‘ಪ್ರಾಜೆಕ್ಟ್’ ಎಂದು ಹೆಸರು. ಈ ಲಕ್ಷಣವಾಕ್ಯದಲ್ಲಿ ‘ಅಂತಿಮ ವರ್ಷ’ ಎಂಬುದೇ ಮೊದಲು ವಿಚಾರಣೀಯವಾಗಿದೆ. ಏಕೆಂದರೆ ಕರ್ನಾಟಕದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ ನಾಲ್ಕು ವರ್ಷದ ಆನರ್ಸ್ ಪದವಿ ಬಂದು, 2024–25ರಿಂದ ಪದವಿಯು ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ, ಇಲ್ಲಿ ‘ಅಂತಿಮ’ವೆಂಬುದು ಕಾಲವಾಚಕವಲ್ಲ, ಆದೇಶವಾಚಕ.

ಗ್ರಂಥದ ಶೀರ್ಷಿಕೆ ‘ಬೀದರ್, ಭಾಲ್ಕಿ ಮತ್ತು ಔರಾದ್ ಪಟ್ಟಣಗಳ ಕಬಡ್ಡಿ ಆಟಗಾರರ ಆಯ್ದ ದೈಹಿಕ ಸಾಮರ್ಥ್ಯಗಳ ತುಲನಾತ್ಮಕ ಅಧ್ಯಯನ’ ಎಂದೇ ಇರತಕ್ಕದ್ದು. ಇದರಲ್ಲಿ ‘ಆಯ್ದ’ ಎಂದರೆ ಯಾವುದನ್ನು ಅಳೆಯುವ ಸಾಧನ ಕಾಲೇಜಿನ ಬೀರುವಿನಲ್ಲಿದ್ದು, ಆ ಬೀರುವಿನ ಕೀಲಿಯೂ ಸಿಕ್ಕಿದೆಯೋ ಅದು. ಊರಿಗೆ ಹತ್ತರಂತೆ ಒಟ್ಟು ಮೂವತ್ತು ಆಟಗಾರರು. 1908ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್ ಎಂಬಾತನು ಸಣ್ಣ ಸಂಖ್ಯೆಯ ಮಾದರಿಗಳಿಗೆಂದೇ ಒಂದು ಗಣಿತವನ್ನು ಕಂಡುಹಿಡಿದು, ಸ್ವಂತ ಹೆಸರು ಹಾಕದೆ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದನು. ಅದೇ ಟಿ ಪರೀಕ್ಷೆ. ಊರುಗಳು ಮೂರಾದ್ದರಿಂದ ಇಲ್ಲಿ ಎಫ್ ಪರೀಕ್ಷೆಯೇ ಸಲ್ಲುವುದಾದರೂ, ಹೆಸರಿನ ಮೇಲಣ ಸಗೋತ್ರಾಭಿಮಾನದಿಂದ ವಿದ್ಯಾರ್ಥಿಗಳು ಊರುಗಳನ್ನು ಎರಡೆರಡಾಗಿ ಜೋಡಿಸಿ ಟಿ ಪರೀಕ್ಷೆಯನ್ನೇ ಮೂರು ಸಲ ಮಾಡುವುದುಂಟು.

ಇನ್ನು ಪ್ರಯೋಗಭಾಗ. ಅಮೆರಿಕದ ವಾಯುಪಡೆಯ ವೈದ್ಯನಾದ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಹನ್ನೆರಡು ನಿಮಿಷದ ಓಟವು ಇಲ್ಲಿ ಬಹುಮಾನ್ಯ. ಓಡಿದ ಮೀಟರುಗಳಿಂದ 504.9 ಕಳೆದು 44.73ರಿಂದ ಭಾಗಿಸಿದರೆ ಗರಿಷ್ಠ ಆಮ್ಲಜನಕ ಬಳಕೆ, ಅಂದರೆ ದಣಿವಿನ ತುತ್ತತುದಿಯಲ್ಲಿ ದೇಹವು ಪ್ರತಿ ಕಿಲೋ ತೂಕಕ್ಕೆ ನಿಮಿಷವೊಂದಕ್ಕೆ ಬಳಸುವ ಆಮ್ಲಜನಕದ ಮಿಲಿಲೀಟರು, ದೊರೆಯುತ್ತದೆ. ಮೈದಾನವನ್ನು ಹೆಜ್ಜೆಯಿಂದ ಅಳೆದು, ಉತ್ತರವನ್ನು 42.37 ಎಂದು ಎರಡು ದಶಮಾಂಶಕ್ಕೆ ಬರೆಯುವುದು ಈ ಶಾಸ್ತ್ರದ ಶಿಷ್ಟಾಚಾರ. ಆದರೆ ಸೂತ್ರದ ನಿಜವಾದ ಗಾಂಭೀರ್ಯ ಪ್ರಕಟವಾಗುವುದು, ಔರಾದಿನ ಹತ್ತರಲ್ಲಿ ಒಬ್ಬನು ಸೀಟಿ ಊದಿದರೂ ಏಳದೆ ಬೇವಿನ ಮರದ ಬುಡದಲ್ಲಿ ಕುಳಿತೇ ಇದ್ದಾಗ. ಶೂನ್ಯ ಮೀಟರ್ ಓಡಿದವನ ಆಮ್ಲಜನಕ ಬಳಕೆ ಋಣ 11.29 ಆಗುವುದರಿಂದ, ಅವನು ಗಾಳಿಯಿಂದ ಆಮ್ಲಜನಕವನ್ನು ಪಡೆಯುತ್ತಿಲ್ಲ, ಗಾಳಿಗೆ ಬಿಡುತ್ತಿದ್ದಾನೆಂದು ಸಿದ್ಧವಾಗುತ್ತದೆ. ಹಾಗಾಗಿ ಸೂತ್ರದೃಷ್ಟಿಯಿಂದ ಆ ಆಟಗಾರನಿಗೂ ಬೇವಿನ ಮರಕ್ಕೂ ಭೇದವಿಲ್ಲ.

ಓಟ ಮುಗಿದೊಡನೆ ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ, 6ರಿಂದ 20ರವರೆಗಿನ ಶ್ರಮಮಾಪಕವನ್ನು ತೋರಿಸಿ ಎಷ್ಟು ದಣಿವಾಯಿತೆಂದು ಕೇಳಬೇಕು. ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ನಾಡಿಬಡಿತ ಬರಬೇಕೆಂಬುದು ಅದರ ಆಶಯ. ಆದರೆ ಕೇಳುವವರು ಗುರುಗಳ ಪಕ್ಕದಲ್ಲಿ ನಿಂತಿರುವುದರಿಂದ, ಬೀದರಿನವನು ‘ಕುಚ್ ನೈ ಸರ್’ ಎಂದೂ, ಭಾಲ್ಕಿಯವನು ‘ಏನಿಲ್ಲರಿ ಸರ್’ ಎಂದೂ, ಔರಾದಿನವನು ‘ಕಾಹೀ ನಾಹೀ ಸರ್’ ಎಂದೂ ಏದುಸಿರು ಬಿಡುತ್ತ ಉತ್ತರಿಸುತ್ತಾರೆ; ಹೀಗಾಗಿ ಮೂರು ಭಾಷೆಗಳಲ್ಲೂ ಅಂಕಿ 6 ಎಂದೇ ದಾಖಲಾಗಿ, ನಾಡಿ ಮಾತ್ರ 170 ಇರುತ್ತದೆ.

ಗ್ರಂಥದ ಸಾರವಿರುವುದು ಮೊದಲ ಅಧ್ಯಾಯದ ಕೊನೆಯಲ್ಲಿ, ಯಾರೂ ಓದದ ಎರಡು ಉಪಶೀರ್ಷಿಕೆಗಳಲ್ಲಿ: ಪರಿಮಿತಿ ಮತ್ತು ಮಿತಿ. ಇವೆರಡೂ ಒಂದೇ ಎಂದು ಕೆಲವರು ವಾದಿಸುವರು, ಅದು ಸಾಧುವಲ್ಲ. ಹೊಲದ ಬದುವನ್ನು ಒಡೆಯನೇ ಹಾಕಿಕೊಂಡರೆ ಪರಿಮಿತಿ, ಪಕ್ಕದ ಹೊಲದವನು ರಾತ್ರೋರಾತ್ರಿ ಹಾಕಿದರೆ ಮಿತಿ. ‘ಅಧ್ಯಯನವು ಮೂವತ್ತು ಆಟಗಾರರಿಗೆ ಸೀಮಿತ’ ಎಂಬುದು ಮೊದಲನೆಯದು. ‘ಆಟಗಾರರ ಆಹಾರ, ನಿದ್ರೆ, ದಿನಚರಿ ಮತ್ತು ಹವಾಮಾನಗಳನ್ನು ನಿಯಂತ್ರಿಸಲಾಗಿಲ್ಲ’ ಎಂಬುದು ಎರಡನೆಯದು; ಈ ಒಂದು ವಾಕ್ಯದೊಳಗೆ ಇಡೀ ಜಿಲ್ಲೆಯೇ ಅಡಗಿದೆ. ಆಹಾರವೆಂದರೆ ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಭಜ್ಜಿಯೊಡನೆ ರೊಟ್ಟಿ ತಿಂದು, ಮೇಲೆ ಎರಡು ಗಡಿಗೆ ಅಂಬಲಿ ಕುಡಿದು, ಮಾರನೆಯ ಬೆಳಗ್ಗೆ ಓಡಲು ಬಂದದ್ದು. ದಿನಚರಿಯೆಂದರೆ ಸೋಯಾ ಕೊಯ್ಲಿನ ವಾರ ತಂಡಕ್ಕೆ ತಂಡವೇ ಹೊಲದಲ್ಲಿದ್ದು, ಮೈದಾನದಲ್ಲಿ ಸಂಶೋಧಕ ಮತ್ತು ಒಂದು ಆಡು ಮಾತ್ರ ಉಳಿದದ್ದು. ನೆತ್ತಿಯ ಮೇಲೆ ವಾಯುಪಡೆಯ ತರಬೇತಿ ವಿಮಾನ ಹಾದಾಗ ಸೀಟಿ ಕೇಳದೆ ಬೀದರಿನವರು ಹದಿಮೂರು ನಿಮಿಷ ಓಡುವುದೂ ಇದರಲ್ಲೇ ಅಂತರ್ಭೂತ. ಎಲ್ಲಕ್ಕಿಂತ ಮುಖ್ಯವಾದುದು ನೆಲ: ಬೀದರ್ ನಗರವಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಗಟ್ಟಿ ಕೆಂಪು ನೆಲದ ಮೇಲೆ, ಭಾಲ್ಕಿ, ಔರಾದಿನ ಕಡೆ ಬಹುಪಾಲು ಎರೆಭೂಮಿ, ಅದು ಮಳೆಗಾಲದಲ್ಲಿ ಬೂಟಿಗೆ ಅಂಟಿಕೊಂಡು ಬಿಡದು, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವುದು. ಆದ್ದರಿಂದ ಮೂರು ಊರುಗಳ ನಡುವೆ ಏನಾದರೂ ವ್ಯತ್ಯಾಸ ಕಂಡರೆ ಅದು ಆಟಗಾರರ ವ್ಯತ್ಯಾಸವೋ ಮಣ್ಣಿನ ವ್ಯತ್ಯಾಸವೋ ಎಂಬುದನ್ನು ಗಾಸೆಟನ ಗಣಿತವೂ ಹೇಳಲಾರದು. ಉಳಿದ ನಾಲ್ಕು ಅಧ್ಯಾಯಗಳನ್ನು ಊರ ಹೆಸರು ಬದಲಿಸಿ ಯಾವ ಜಿಲ್ಲೆಗಾದರೂ ಅನ್ವಯಿಸಬಹುದು, ಅನ್ವಯಿಸಿಯೂ ಇದ್ದಾರೆ. ಮಿತಿಯ ಈ ಒಂದು ವಾಕ್ಯಕ್ಕೆ ಮಾತ್ರ ಬೀದರಲ್ಲದೆ ಬೇರೆ ನೆಲೆಯಿಲ್ಲ.

ಋಣಾತ್ಮಕ ಆಟಗಾರನ ವಿಷಯದಲ್ಲಿ ಶಾಸ್ತ್ರವು ಸ್ಪಷ್ಟವಾಗಿದೆ: ಗುಂಪಿನಿಂದ ದೂರ ಬಿದ್ದ ಅಂಕಿಯಾದ ಕಾರಣ ಅವನನ್ನು ಕೈಬಿಡತಕ್ಕದ್ದು. ಆಗ ಇಪ್ಪತ್ತೊಂಬತ್ತೇ ಉಳಿಯುವುದರಿಂದಲೂ, ಪರಿಮಿತಿಯ ಪುಟ ಆಗಲೇ ಅಚ್ಚಾಗಿರುವುದರಿಂದಲೂ, ಸಂಶೋಧಕನೇ ಬೂಟು ಕಟ್ಟಿ ಓಡುತ್ತಾನೆ. ಬೀದರಿನಿಂದ ಅತ್ತ ಭಾಲ್ಕಿ, ಇತ್ತ ಔರಾದ್ ತಲಾ ಸುಮಾರು ನಲವತ್ತು ಕಿಲೋಮೀಟರು. ಮೂರು ಊರುಗಳ ಒಪ್ಪಿಗೆ ಪತ್ರಗಳಿಗಾಗಿ ಎರಡು ತಿಂಗಳು ಕೆಂಪು ಬಸ್ಸುಗಳ ಹಿಂದೆ ಓಡಿದವನಾದ್ದರಿಂದ, ಕೋಷ್ಟಕದ ಮೂವತ್ತನೆಯ ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡ ಅಂಕಿ ಬೀಳುತ್ತದೆ, ಮತ್ತು ಅದು ಔರಾದಿನ ಲೆಕ್ಕಕ್ಕೆ ಸೇರುತ್ತದೆ.