ಲೇಖನೀ ವಿಕ್ರಯ ಮೀಮಾಂಸೆ: ರಾಯಚೂರು ಪ್ರಕರಣ

ಅನುಬಂಧ ಚತುಷ್ಟಯ

ಯಾವುದೇ ಶಾಸ್ತ್ರ ತೊಡಗುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಬೇಕೆಂದು ಹಿರಿಯರ ಕಟ್ಟಳೆ. ವಿಷಯ: ಸಂಗ್ರಾಹಕರ ಪೆನ್ ಮೇಳದಲ್ಲಿ ಇಂಕ್ ಪೆನ್ನು ಮಾರುವುದು. ಪ್ರಯೋಜನ: ಮಾರಿದವನಿಗೆ ದುಡ್ಡು, ಕೊಂಡವನಿಗೆ ಮನೆಯಲ್ಲಿ ವಿಚಾರಣೆ. ಸಂಬಂಧ: ಪೆನ್ನಿಗೂ ಹಾಳೆಗೂ ಇದ್ದದ್ದು ಹರಿದು, ಪೆನ್ನಿಗೂ ಮಖಮಲ್ಲಿನ ಪೆಟ್ಟಿಗೆಗೂ ಕೂಡಿಕೊಂಡದ್ದು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು ಯಾರೆಂದರೆ: ಮನೆಯಲ್ಲಿ ಡಜನ್ ಪಾರ್ಕರ್ ಇಟ್ಟುಕೊಂಡೂ ಬ್ಯಾಂಕಿನಲ್ಲಿ ಪಕ್ಕದವರ ಬಾಲ್ ಪೆನ್ನು ಬೇಡುವವನು.

ಇಂಥ ಮೇಳಗಳು ಚಿಕಾಗೊ, ವಾಷಿಂಗ್ಟನ್, ಲಂಡನ್ನುಗಳಲ್ಲಿ ನಡೆಯುತ್ತವೆ. ರಾಯಚೂರಿನಲ್ಲಿ ನಡೆದದ್ದನ್ನು ಪ್ರಬಂಧಕಾರ ಕಂಡಿಲ್ಲ. ಇದರಿಂದ ಶಾಸ್ತ್ರಕ್ಕೇನೂ ಬಾಧೆಯಿಲ್ಲ. ಸ್ವರ್ಗವನ್ನು ವರ್ಣಿಸಿದವರೆಲ್ಲ ಹೋಗಿಬಂದು ಬರೆದವರಲ್ಲ.

ಇತಿಹಾಸ ಪ್ರಕರಣ

‘ರಾಯಚೂರಿಗೂ ಲೇಖನಿಗೂ ಏನು ನಂಟು?’ ಎಂಬುದು ಪೂರ್ವಪಕ್ಷ. ಹಾಗೆನ್ನುವವರು ಒಮ್ಮೆ ಕೋಟೆಗೆ ಹೋಗಿ ಬರಲಿ. ಅಲ್ಲಿಯ ಗೋಡೆಯಲ್ಲಿ 41 ಅಡಿಗೂ ಮಿಕ್ಕಿದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ ಗೋರೆ ಗಂಗಯ್ಯ ರೆಡ್ಡಿಯ 1294ರ ಶಾಸನವಿದೆ. ಆ ಕಲ್ಲನ್ನು ಬಂಡಿಗೆ ಹೇರಿ ಕೋಣಗಳಿಂದ ಎಳೆಸಿ ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಲೇಖನ ಸಾಮಗ್ರಿಯ ಸಾಗಣೆ ರಸೀದಿಯನ್ನು ಲೇಖನಕ್ಕೇ ಲಗತ್ತಿಸಿದ ಇನ್ನೊಂದು ನಿದರ್ಶನ ಪ್ರಬಂಧಕಾರನಿಗೆ ಸಿಕ್ಕಿಲ್ಲ.

ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಒಂದು ಬಂಡೆ ಶಾಸನ ಬೆಳಕಿಗೆ ಬಂತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಕಂಡು, ಈತ ಯಾರೆಂದು ಪಂಡಿತರು ಬೇರೆ ಆಧಾರಗಳಿಂದ ಊಹಿಸಬೇಕಾಗಿತ್ತು. ಮಸ್ಕಿಯ ಬಂಡೆ ‘ಅಶೋಕ’ ಎಂದು ಹೆಸರು ಹೇಳಿಬಿಟ್ಟಿತು. ಹೆಸರು ಇದ್ದದ್ದರಿಂದಲೇ ಆ ಕಲ್ಲಿಗೆ ಜಗತ್ತಿನಲ್ಲಿ ಬೆಲೆ ಬಂತು. ಪೆನ್ನಿನ ವಿಷಯದಲ್ಲಿ ಇದು ತಿರುವುಮುರುವು. ಜಾತ್ರೆಯಲ್ಲಿ ಪೆನ್ನಿನ ಮೈಮೇಲೆ ಹೆಸರು ಕೆತ್ತಿಸಲು ನಮ್ಮ ಅಪ್ಪಂದಿರು ದುಡ್ಡು ಕೊಟ್ಟರು. ಮೇಳದಲ್ಲಿ ಅದೇ ಹೆಸರು ತೋರಿಸಿ ಬೆಲೆ ಇಳಿಸುತ್ತಾರೆ. ಆದ್ದರಿಂದ ಪ್ರಥಮ ಸೂತ್ರ: ಹೆಸರು ಕೆತ್ತಿಸುವವನು ಮೊದಲೇ ಅಶೋಕನಾಗಿರತಕ್ಕದ್ದು.

ತಾರತಮ್ಯ ಪ್ರಕರಣ

ಮಾನ್ವಿಯ ಜಗನ್ನಾಥದಾಸರು ‘ಹರಿಕಥಾಮೃತಸಾರ’ದಲ್ಲಿ ದೇವತೆಗಳ ತಾರತಮ್ಯಕ್ಕೇ ಸಂಧಿ ಮೀಸಲಿಟ್ಟವರು. ಆ ನೆಲದಲ್ಲಿ ನಿಂತು ಪೆನ್ನುಗಳ ತಾರತಮ್ಯ ಹೇಳದೆ ಮುಂದಕ್ಕೆ ಹೋದರೆ ಅಪಚಾರವಾದೀತು.

ಉತ್ತಮ ವರ್ಗದಲ್ಲಿ ಪಾರ್ಕರ್ 51. ಅಮೆರಿಕದಲ್ಲಿ 1941ರಲ್ಲಿ ಮಾರಾಟಕ್ಕೆ ಬಂದದ್ದು. ಇದರ ನಿಬ್ಬು ಮುಸುಕಿನೊಳಗೆ ಇರುತ್ತದೆ, ತುದಿ ಮಾತ್ರ ಇಣುಕುತ್ತದೆ. ಮಧ್ಯಮ ವರ್ಗದಲ್ಲಿ ರಾಜಮಹೇಂದ್ರಿಯ ರತ್ನಂ. ಗಾಂಧೀಜಿಯ ಸ್ವದೇಶಿ ಮಾತಿಗೆ ಓಗೊಟ್ಟು ಹುಟ್ಟಿದ ಈ ಪೆನ್ನನ್ನು ಮೆಚ್ಚಿ 1935ರಲ್ಲಿ ಗಾಂಧೀಜಿಯೇ ಪತ್ರ ಬರೆದರು. ಮೂರನೆಯ ವರ್ಗದಲ್ಲಿ ಶಾಂಘೈಯ ಹೀರೊ. ಪಾರ್ಕರ್ 51ರ ಮುಸುಕನ್ನು ಕದ್ದು ತೊಟ್ಟು, ನಮ್ಮೂರ ಅಂಗಡಿಗಳಿಗೆ ಬಂದು, ಎಸೆಸೆಲ್ಸಿ ಪರೀಕ್ಷೆಗೆಂದು ಕೊಡಿಸಿಕೊಂಡ ಹುಡುಗರ ಅಂಗಿ ಜೇಬನ್ನು ನೀಲಿ ಮಾಡಿದ್ದು ಇದೇ. ಪಂಕ್ತಿಯ ಹೊರಗೆ ಬಾಲ್ ಪೆನ್ನು. ಹಂಗೇರಿಯ ಪತ್ರಕರ್ತ ಬೀರೊ 1938ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಸಂಗ್ರಾಹಕರು ಅವನನ್ನು ಇನ್ನೂ ಕ್ಷಮಿಸಿಲ್ಲ.

ಈಗ ಕ್ರಮವನ್ನು ಕೆಳಗಿನಿಂದ ನೋಡಿ. ಬಾಲ್ ಪೆನ್ನು ದಿನವೂ ಬರೆಯುತ್ತದೆ. ಹೀರೊ ಪರೀಕ್ಷೆಗೆ ಬರೆಯುತ್ತದೆ. ರತ್ನಂ ಸಹಿಗೆ ಬರೆಯುತ್ತದೆ. ಪಾರ್ಕರ್ 51 ಬರೆಯುವುದೇ ಇಲ್ಲ, ಪೆಟ್ಟಿಗೆಯಲ್ಲಿ ಮಲಗುತ್ತದೆ. ದ್ವಿತೀಯ ಸೂತ್ರ: ಬರೆಯುವುದು ಇಳಿದಷ್ಟೂ ಬೆಲೆ ಏರುತ್ತದೆ. ಒಮ್ಮೆಯೂ ಮಸಿ ಮುಟ್ಟಿಸದ ಹಳೆಯ ಪೆನ್ನಿಗೆ ಮೇಳದಲ್ಲಿ ಮಡಿಯ ಗೌರವ ಸಲ್ಲುವುದು ಇದೇ ಸೂತ್ರದ ಮೇಲೆ.

ಪ್ರವಾಹ ಪ್ರಕರಣ

ಮಸಿ ಹೇಗೆ ಇಳಿಯುತ್ತದೆಂದು ತಿಳಿಯದವನು ಮಾರಬಾರದು. ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪಡೆದ ಪೇಟೆಂಟಿನ ಸಾರ ಇಷ್ಟು: ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಸಣ್ಣ ಸೀಳುಗಳಿರಬೇಕು, ಕೇಶಾಕರ್ಷಣೆಯಿಂದ ಮಸಿ ಅವುಗಳಲ್ಲಿ ತುದಿಗೆ ಸರಿಯುತ್ತದೆ, ಸರಿದಷ್ಟೇ ಗಾಳಿ ಒಳಗೆ ಹೋಗುತ್ತದೆ. ಆತ ವಿಮೆ ಏಜೆಂಟನಾಗಿದ್ದಾಗ ಕರಾರುಪತ್ರದ ಮೇಲೆ ಮಸಿ ಚೆಲ್ಲಿ ಗಿರಾಕಿಯನ್ನು ಕಳೆದುಕೊಂಡನೆಂಬ ಕಥೆಯನ್ನು ಮಾರಾಟಗಾರರು ತಪ್ಪದೆ ಹೇಳುತ್ತಾರೆ. ಅದು ಜಾಹೀರಾತಿಗೆ ಒಪ್ಪುವ ದಂತಕಥೆ, ಮೇಳದಲ್ಲಿ ನಡೆಯುತ್ತದೆ.

ಈ ತತ್ತ್ವವನ್ನು ಮಾನ್ವಿ ತಾಲ್ಲೂಕಿನ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಕ್ ಪೆನ್ನೆಂದರೆ ತುಂಗಭದ್ರಾ ಎಡದಂಡೆ ಕಾಲುವೆ. ಮೇಲೆ ಜಲಾಶಯ ತುಂಬಿದ್ದರೂ ನಡುವೆ ಹೀರುವವರು ಹೀರಿ, ಹೂಳು ಕಟ್ಟಿ, 104ನೇ ಮೈಲಿನ ಗೇಜಿಗೆ ಬರುವ ಹೊತ್ತಿಗೆ ನೀರಿರುವುದಿಲ್ಲ. ಪೆನ್ನಿನಲ್ಲೂ ಫಿಲ್ಲರ್ ತುಂಬಿರುತ್ತದೆ, ನಿಬ್ಬು ಒಣಗಿರುತ್ತದೆ. ಆಗ ಝಾಡಿಸಬೇಕು, ಕಾಲುವೆಯ ಪಕ್ಷದಲ್ಲಿ ಇದಕ್ಕೆ ರಸ್ತೆ ತಡೆ ಎನ್ನುತ್ತಾರೆ. ಅತಿ ಝಾಡಿಸಿದರೂ ಕಷ್ಟ: ಒಮ್ಮೆಗೇ ಕಾರಿಕೊಂಡು ಅಂಗಿಯೆಲ್ಲ ನೀಲಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದನ್ನು ನೆನೆದರೆ ಸಾಕು, ಲೀಕ್ ಎಂದರೇನೆಂದು ಈ ಭಾಗದವರಿಗೆ ಪಾಠ ಮಾಡಬೇಕಾಗಿಲ್ಲ.

ವಿಕ್ರಯ ಪ್ರಕರಣ

ಮೊದಲು ಸ್ಥಳಶುದ್ಧಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಮಾಡಿದ ಎಬೊನೈಟ್ ಪೆನ್ನು ಬಿಸಿಲಿಗಿಟ್ಟರೆ ಕರಿಬಣ್ಣ ಬಿಟ್ಟು ಕಂದುತ್ತದೆ. ಸೆಲ್ಯುಲಾಯ್ಡ್ ಪೆನ್ನು ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಆದ್ದರಿಂದ ಮಳಿಗೆಗೆ ನೆರಳು ಬೇಕು, ಪಕ್ಕದಲ್ಲಿ ಮಿರ್ಚಿ ಭಜಿಯ ಒಲೆ ಇರಬಾರದು. ಆದರೆ ಒಲೆ ಇಲ್ಲದಿದ್ದರೆ ಜನ ಬರುವುದಿಲ್ಲ. ಈ ವಿರೋಧಾಭಾಸಕ್ಕೆ ಶಾಸ್ತ್ರದಲ್ಲಿ ಪರಿಹಾರವಿಲ್ಲ.

ಬಳಿಕ ಗಿರಾಕಿ ಲಕ್ಷಣ. ರಾಯಚೂರು ಪೇಟೆಯವನು ಬಂಗಾರದ ನಿಬ್ಬನ್ನು ಕಂಡರೆ ಬೆರಗಾಗುವುದಿಲ್ಲ. ಹಟ್ಟಿಯಲ್ಲಿ ಚಿನ್ನ ತೆಗೆಯುವ ಜಿಲ್ಲೆಯವನು. ನಿಬ್ಬಿನ ಮೇಲಿನ 585 ಅಂಕಿ ತೋರಿಸಿ, 14 ಕ್ಯಾರೆಟ್ ಎಂದು ನೀವು ಹೇಳುವಷ್ಟರಲ್ಲಿ ಅವನು, ‘ಅಂದ್ರ ಅರ್ಧಕ್ಕಿಂತ ಜರಾ ಜಾಸ್ತಿ ಬಂಗಾರ. ಉಳಿದಿದ್ದಕ್ಕ ಯಾಕ್ರಿ ರೊಕ್ಕ?’ ಎನ್ನುತ್ತಾನೆ. ಅವನೊಂದಿಗೆ ವಾದ ಬೇಡ, ಚಹಾ ತರಿಸಿ.

ದೇವದುರ್ಗದವನು ನಿವೃತ್ತ ಮಾಸ್ತರ. ಕೊಳ್ಳುವುದಿಲ್ಲ, ತಿದ್ದುತ್ತಾನೆ. ಮೇಜಿನ ಮೇಲಿನ ಬೆಲೆಚೀಟಿಯ ಒತ್ತಕ್ಷರ ಸರಿಪಡಿಸುತ್ತಾನೆ, ಬ್ರಿಲ್ ಶಾಯಿಯ ಹಳೆಯ ಬಾಟಲಿ ಮೂಸುತ್ತಾನೆ, ತನ್ನ ಜೇಬಿನ ಪೆನ್ನು ತೆಗೆದು ನಿಮಗೇ ಬೆಲೆ ಕಟ್ಟಲು ಹೇಳುತ್ತಾನೆ. ಕಟ್ಟಿದರೆ, ‘ಮಾರೂದಿಲ್ಲ, ಸುಮ್ನೆ ಕೇಳ್ದೆ’ ಎಂದು ಹೊರಡುತ್ತಾನೆ. ಮೇಳದಲ್ಲಿ ನಿಜವಾದ ಸಂಗ್ರಾಹಕ ಇವನೊಬ್ಬನೇ, ಏಕೆಂದರೆ ಅವನ ಸಂಗ್ರಹದಲ್ಲಿ ಇರುವುದು ಒಂದೇ ಪೆನ್ನು, ಅದೂ ಸವೆದದ್ದು.

ಮೂರನೆಯವನು ಮಾನ್ವಿಯವನು. ನೀವು ಪಾರ್ಕರ್ ಎತ್ತಿ 1941 ಎನ್ನುತ್ತೀರಿ, ಮುಸುಕು ಎನ್ನುತ್ತೀರಿ, ಯಾರೂ ಮುಟ್ಟಿಲ್ಲ ಎನ್ನುತ್ತೀರಿ. ಎಲ್ಲ ಕೇಳಿ ಅವನು ಎರಡೇ ಶಬ್ದ ಆಡುತ್ತಾನೆ: ‘ಬರೀತದೇನ್ರಿ ಇದು?’

ನಿರ್ಣಯ

ಇಲ್ಲಿಗೆ ಶಾಸ್ತ್ರ ಕುಸಿಯಿತು. ದ್ವಿತೀಯ ಸೂತ್ರ ಲಂಡನ್ನಿನಲ್ಲಿ ನಿಂತೀತು, ಮಾನ್ವಿಯವನ ಎದುರು ನಿಲ್ಲದು. ಬರೆಯದ ಪೆನ್ನಿಗೆ ಕೊಡುವ ದುಡ್ಡು ಪೆನ್ನಿಗಲ್ಲ, ಮಾರುವವನ ಕಥೆಗೆ. ಕಥೆಯನ್ನು ಈ ನಾಡಿನಲ್ಲಿ ಕಟ್ಟೆಯ ಮೇಲೆ ಪುಕ್ಕಟೆ ಹೇಳುತ್ತಾರೆ.

ಆದುದರಿಂದ ಓದುಗರಲ್ಲಿ ವಿಜ್ಞಾಪನೆ. ಪೆಟ್ಟಿಗೆಯಲ್ಲಿ ಮಲಗಿರುವ ಪೆನ್ನನ್ನು ಎಬ್ಬಿಸಿ. ಬಿಸಿನೀರು ಹಾಕಬೇಡಿ, ತಣ್ಣೀರಿನಲ್ಲಿ ತೊಳೆಯಿರಿ, ಮಸಿ ತುಂಬಿರಿ, ಬರೆಯಿರಿ. ಏನು ಬರೆಯುವುದೆಂದು ತೋಚದಿದ್ದರೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಿಡಿ ಎಂದು ಒಂದು ಮನವಿಪತ್ರ ಬರೆಯಿರಿ. ಫಿಲ್ಲರ್ ಖಾಲಿಯಾದೀತು, ವಿಷಯ ಖಾಲಿಯಾಗದು.