ಡಿಕ್ಕಿಯ ತಳ

ಸಣ್ಣ ಕಾರಿನ ಡಿಕ್ಕಿಯನ್ನು ಲೀಟರಿನಲ್ಲಿ ಅಳೆಯುತ್ತಾರೆ. 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪ, ಅಂದರೆ ಸರಿಯಾಗಿ ಒಂದು ಲೀಟರಿನ ದಿಮ್ಮಿಗಳನ್ನು ಒಳಗೆ ಪೇರಿಸಿ, ಎಷ್ಟು ಹಿಡಿಸಿತೋ ಅಷ್ಟು ಲೀಟರು ಎಂದು ಬರೆದುಕೊಳ್ಳುವ ಜರ್ಮನ್ ಪದ್ಧತಿಯೊಂದಿದೆ. ಅಚ್ಚುಕಟ್ಟಾದ ಲೆಕ್ಕವೇ. ಆದರೆ ಗೌರಿಹಬ್ಬ ಮುಗಿಸಿ ತಿಪಟೂರಿನ ಕಡೆಯಿಂದ ಬೆಂಗಳೂರಿಗೆ ಹೊರಟ ಕಾರಿನಲ್ಲಿರುವುದು ತೆಂಗಿನಕಾಯಿ ಚೀಲ, ರಾಗಿಹಿಟ್ಟು, ಬಾಳೆಗೊನೆ, ‘ಇರ್ಲಿ ಇಟ್ಕೊಳ್ಳಿ’ ಎಂದು ಕೊನೆಗಳಿಗೆಯಲ್ಲಿ ತುರುಕಿದ ಸಿಹಿಗುಂಬಳ. ಇವು ಯಾವ ಲೀಟರಿಗೂ ಬಗ್ಗುವ ಪೈಕಿಯಲ್ಲ. ಬಗ್ಗುವುದು ಡಿಕ್ಕಿಯ ತಳ.

ತಳವೆಂದು ನಾವು ಗೌರವದಿಂದ ಕರೆಯುವುದು ಅಸಲಿಗೆ ಸ್ಟೆಪ್ನಿ ಕೂತ ಗುಂಡಿಯ ಮುಚ್ಚಳ. ಕಾರ್ಪೆಟ್ ಎತ್ತಿದರೆ ಎಷ್ಟೋ ಕಾರುಗಳಲ್ಲಿ ಕಾಣುವುದು ತೆಳ್ಳನೆಯ ಹಾರ್ಡ್‌ಬೋರ್ಡು. 1924ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ವಿಲಿಯಂ ಮೇಸನ್ ಎಂಬಾತ ಮರದ ಚಕ್ಕೆಯನ್ನು ಹಬೆಯಲ್ಲಿ ಸಿಡಿಸಿ, ನಾರು ಮಾಡಿ, ಬಿಸಿಯಲ್ಲಿ ಅದುಮಿ ಹಲಗೆ ಮಾಡಿದನಲ್ಲ, ಆ ವಂಶದ್ದು. ಒಣಗಿರುವಷ್ಟು ದಿನ ಸಭ್ಯ. ಹಿಂದಿನ ದೀಪದ ರಬ್ಬರಿನಿಂದ ಮಳೆನೀರು ಜಿನುಗಿತೋ, ಮಜ್ಜಿಗೆ ಡಬ್ಬಿಯ ಮುಚ್ಚಳ ಸಡಿಲವಾಯಿತೋ, ನಾರು ನೀರು ಕುಡಿದು ಊದಿಕೊಳ್ಳುತ್ತದೆ. ಆಸರೆಯಿರುವುದು ಅಂಚಿಗೆ ಮಾತ್ರ, ಭಾರ ಬೀಳುವುದು ನಡುವಿಗೆ. ಮೇಲೆ ಬಿಸಿಲಲ್ಲಿ ನಿಂತ ಕಾರಿನ ಕಾವು. ಕೆಲವೇ ವರ್ಷಕ್ಕೆ ಹಳೆಯ ನವಾರಿನ ಮಂಚದಂತೆ ಜೋತುಬಿಡುತ್ತದೆ.

ಕಾರು ಮಾಡಿದವರನ್ನು ಬೈಯುವುದು ಸುಲಭ. ಆದರೆ ಕೊಳ್ಳುವಾಗ ಮೊದಲು ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದು ಕೇಳುವವರೂ ನಾವೇ. ತೂಕ ಎಲ್ಲಿಂದಾದರೂ ಕಳೆಯಲೇಬೇಕಲ್ಲ. ಡಿಕ್ಕಿಯ ಹಲಗೆ ಬಾಯಿಲ್ಲದ ಪ್ರಾಣಿ.

ನಮ್ಮ ಕಾರಿನ ಹಲಗೆ ಜೋತಾಗ ಸಲಹೆಗಳಿಗೆ ಬರವಿರಲಿಲ್ಲ. ಒಬ್ಬರು ಥರ್ಮಾಕೋಲ್ ತುಂಬಿ ಎಂದರು. ಕುಂಬಳಕಾಯಿಯ ಕೆಳಗೆ ಅದು ಪುಡಿಯಾಗಿ, ಹಿಮಪಾತವಾದಂತೆ ಸ್ಟೆಪ್ನಿಯ ಸುತ್ತ ಹರಡುವುದು ನನಗಾಗಲೇ ಕಾಣುತ್ತಿತ್ತು. ಇನ್ನೊಬ್ಬರು ಹಲಗೆಯನ್ನು ಮಗುಚಿ ಹಾಕಿ ಎಂದರು. ಈ ಉಪಾಯ ಕೆಲಕಾಲ ನಡೆಯುತ್ತದೆ, ಆಮೇಲೆ ಆ ಕಡೆಗೂ ಬಾಗುತ್ತದೆ. ಕೊನೆಗೆ ಬಡಗಿಯನ್ನೇ ಕರೆದೆ. ಡಿಕ್ಕಿಯೊಳಗೆ ತಲೆ ತೂರಿಸಿ, ಬೆರಳಿಂದ ಒತ್ತಿ ನೋಡಿ, ‘ಇದರ ಮೇಲೆ ಎಷ್ಟು ಜನ ಮಲಗ್ತಾರೆ ಸಾರ್?’ ಎಂದು ವಿಚಾರಿಸಿದ.

ದಿನಪತ್ರಿಕೆಯನ್ನು ಗುಂಡಿಯ ಮೇಲೆ ಹರಡಿ, ಅಂಚನ್ನು ಉಗುರಿನಲ್ಲಿ ಗೀರಿ ಅಳತೆ ತೆಗೆದ. 12 ಮಿಲಿಮೀಟರಿನ ಪ್ಲೈವುಡ್, ಅದರಲ್ಲೂ ನೀರಿಗೆ ಜಗ್ಗದ ಮರೀನ್ ಜಾತಿಯದು. ದಪ್ಪದ ಮಹಿಮೆ ದೊಡ್ಡದು: ಒಂದೇ ಬಗೆಯ ಹಲಗೆ ಎರಡರಷ್ಟು ದಪ್ಪವಾದರೆ ಬಾಗದೆ ನಿಲ್ಲುವ ಬಿಗಿ ಎಂಟರಷ್ಟಾಗುತ್ತದೆ. ಅಷ್ಟಗಲದ ಹಲಗೆ ಬಾಗಿಲಿನಲ್ಲಿ ನುಗ್ಗದೆಂದು ಎರಡು ತುಂಡು ಮಾಡಿ, ಕೀಲು ಕೂರಿಸಿ, ಕೂಡುವ ಕಡೆ ಅಲ್ಯೂಮಿನಿಯಂ ಆಂಗಲ್ ಕೊಟ್ಟ. ಬೆರಳು ತೂರಿಸಿ ಎತ್ತಲು ಒಂದು ತೂತು. ಅದು ಮುಖ್ಯ. ಕುಣಿಗಲ್ ದಾಟಿದ ಮೇಲೆ ರಾತ್ರಿ ಪಂಕ್ಚರಾದರೆ, ಸ್ಟೆಪ್ನಿಯಿದ್ದೂ ಕೈಗೆಟುಕದ ಸಂಕಟ ಹಗೆಗೂ ಬೇಡ.

ಹಳೆಯ ಕಾರ್ಪೆಟ್ಟನ್ನೇ ಅಂಟಿಸಿಕೊಂಡು ಹೊಸ ತಳ ಬಂತು. ಹಿಂದಿನ ಸೀಟಿಗೂ ಅದಕ್ಕೂ ಈಗ ಒಂದು ಸಣ್ಣ ಮೆಟ್ಟಿಲು. ಯಾರೂ ಗಮನಿಸಲಿಲ್ಲ; ಗಮನಿಸಿದ್ದು ಗಟ್ಟಿತನವನ್ನು. ಸುದ್ದಿ ಊರಿಗೆ ಮುಟ್ಟಲು ತಡವಾಗಲಿಲ್ಲ. ಮುಂದಿನ ಸಲ ಹೋದಾಗ ಅತ್ತೆಯವರು ಡಿಕ್ಕಿಯನ್ನು ತಟ್ಟಿ ನೋಡಿ, ಸಂತೋಷಪಟ್ಟು, ‘ಹಾಗಾದ್ರೆ ನಮ್ಮತ್ತೆ ಕಾಲದ ಒರಳುಕಲ್ಲು ಹಿತ್ತಿಲಲ್ಲಿ ಸುಮ್ನೆ ಬಿದ್ದಿದೆ, ತಗೊಂಡ್ಹೋಗಿ’ ಎಂದರು.

ಈಗ ಹಿಂಚಕ್ರದ ಸ್ಪ್ರಿಂಗುಗಳ ಬಗ್ಗೆ ವಿಚಾರಿಸುತ್ತಿದ್ದೇನೆ.