ಸೇತುವೆ ಬರೆಯುವವರ ಸಹವಾಸ

ಭಾನುವಾರ ಬೆಳಗಿನ ಜಾವ ಐದಕ್ಕೆ ಫೋನ್ ಬಡಿದುಕೊಂಡರೆ ಯಾರೋ ಹೋಗಿರಬೇಕು, ಇಲ್ಲವೇ ನನ್ನ ಮಿತ್ರರಿಗೆ ಬೆಳಕಿನ ಹುಚ್ಚು ಹತ್ತಿರಬೇಕು. 'ಇವತ್ತು ಒಳ್ಳೇ ಬೆಳಕು ಸಿಗತ್ತೆ ಕಣ್ರೀ, ಏಳಿ!' ನಿವೃತ್ತಿಯಾದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಇವರಿಗೆ ಜಲವರ್ಣ ಬಂತು.

ಈ ಪಂಗಡದವರನ್ನು ದೂರದಿಂದಲೇ ಗುರುತಿಸಬಹುದು. ಅಗಲ ಅಂಚಿನ ಟೋಪಿ, ಮಡಚುವ ಸ್ಟೂಲು, ಕುಂಚ ಒರೆಸಿ ಒರೆಸಿ ಹೋಳಿಯಾಡಿದಂತಾದ ಅಂಗಿ. ಎದುರಿಗಿರುವ ಕರೆಂಟು ಕಂಬ ಇವರಿಗೆ ಕಾಣದು. ಇಲ್ಲದ ತೆಂಗಿನಮರ ಕಾಣುತ್ತದೆ. ಕಪ್ಪು ಬಣ್ಣ ಮುಟ್ಟಿದರೆ ಮೈಲಿಗೆ. ಕಲ್ಲಿನ ಬೂದಿ ಬೇಕಾದರೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನ ಬೆರೆಸಬೇಕು. ಬಿಳಿಯೂ ನಿಷಿದ್ಧ, ನೀರು ಹೊಳೆಯುವಲ್ಲಿ ಕಾಗದವನ್ನು ಖಾಲಿ ಬಿಡಬೇಕು. 'ಬಳಿಯೋದನ್ನ ಯಾರು ಬೇಕಾದ್ರೂ ಬಳೀತಾರೆ, ಬಿಡೋದು ಕಷ್ಟ' ಎನ್ನುತ್ತಾರೆ. ಅವರು ಬಿಡದೆ ಇರುವುದು ನನ್ನೊಬ್ಬನನ್ನೇ.

ಒಂದು ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಹೋದೆವು. ಬೆಂಗಳೂರಿನಿಂದ ತಂದ ಬಾಟಲಿ ನೀರು ಕೊಟ್ಟೆ. 'ಛೆ! ಕಾವೇರೀನ ಕಾವೇರಿ ನೀರಲ್ಲೇ ಬರೀಬೇಕು.' ನಮ್ಮ ಮನೆಯ ನಲ್ಲಿಯಲ್ಲಿ ಬರುವುದೂ ಇದೇ ಕಾವೇರಿ ಎಂದರೆ ಕೇಳಲಿಲ್ಲ. ಮಗ್ಗು ಹಿಡಿದು ಇಳಿದೆ. ಏದುಸಿರು ಬಿಡುತ್ತ ಹತ್ತಿ ಬಂದರೆ, 'ಅಯ್ಯೋ, ಅಲ್ಲೇ ಇರಬಾರದಿತ್ತೇ? ಕಂಬದ ಎತ್ತರ ತಿಳಿಯೋಕೆ ಒಬ್ಬ ಮನುಷ್ಯ ಬೇಕು.' ಮತ್ತೆ ಇಳಿದು ಬಂಡೆಯ ಮೇಲೆ ನಿಂತೆ, ಹೊಟ್ಟೆ ಒಳಗೆಳೆದುಕೊಂಡು. ಹೇಗೂ ಚಿತ್ರದಲ್ಲಿ ಬರುವವನಲ್ಲವೇ!

ಮುಕ್ಕಾಲು ಗಂಟೆ ನಿಂತೆ. ಬೇರೆ ಕೆಲಸವಿಲ್ಲದ್ದರಿಂದ ಸೇತುವೆ ನೋಡಿದೆ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿ ಗವರ್ನರ್ ಜನರಲ್‌ನ ಹೆಸರಿಟ್ಟದ್ದು ಗೊತ್ತಿತ್ತು. ಇಂಗ್ಲಿಷ್ ಹೆಸರಲ್ಲವೇ, ಕಮಾನುಗಳಿರಬೇಕೆಂದು ಇಷ್ಟು ವರ್ಷ ನಂಬಿದ್ದೆ. ಒಂದೂ ಇಲ್ಲ! ಕಲ್ಲಿನ ಕಂಬ, ಅದರ ನೆತ್ತಿಯಲ್ಲಿ ಎರಡೂ ಕಡೆಗೆ ಚಾಚಿದ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ನಮ್ಮೂರ ದೇವಸ್ಥಾನದ ಮಂಟಪವನ್ನೇ ಹೊಳೆಗೆ ಅಡ್ಡಲಾಗಿ ಎಳೆದು ನಿಲ್ಲಿಸಿದ ಹಾಗೆ. ಇನ್ನೂರು ವರ್ಷ ಪ್ರವಾಹಗಳಿಗೆ ಎದೆಯೊಡ್ಡಿದ್ದು ಇದೇ.

ಮೇಲೆ ಹೋಗಿ ಚಿತ್ರ ನೋಡಿದೆ. ಆಕಾಶ ಬಿಸಿಲಿಗೆ ಅರ್ಧಕ್ಕೇ ಒಣಗಿ ಗೆರೆ ಕಟ್ಟಿತ್ತು. ಕಂಬಗಳು ಮಾತ್ರ ಕಲ್ಲಾಗಿಯೇ ನಿಂತಿದ್ದವು. ನಾನೆಲ್ಲಿ? ಬಂಡೆಯ ಮೇಲೊಂದು ಕೆಂಪು ಚುಕ್ಕೆ.

'ನನ್ನ ಅಂಗಿ ನೀಲಿ' ಎಂದೆ.

'ಅಲ್ಲಿ ಕೆಂಪು ಬೇಕಿತ್ತು' ಎಂದರು.

ಈಚೆಗೆ ಅವರಿಗೆ ಮಂಡಿನೋವು, ಹೊರಡುವುದಿಲ್ಲ. ನನಗೆ ಭಾನುವಾರ ಐದಕ್ಕೆ ತಾನಾಗಿ ಎಚ್ಚರವಾಗುತ್ತದೆ. ಫೋನ್ ಸುಮ್ಮನಿರುತ್ತದೆ. ಆ ಚಿತ್ರ ನಮ್ಮ ಹಾಲಿನಲ್ಲಿದೆ. ಬಂದವರು ಸೇತುವೆಯನ್ನು ಹೊಗಳುತ್ತಾರೆ, ನಾನು ಚುಕ್ಕೆಯನ್ನು ತೋರಿಸುತ್ತೇನೆ.

ನಿಮಗೂ ಇಂಥವರೊಬ್ಬರು ಗಂಟುಬಿದ್ದಿದ್ದರೆ, ಕರೆದಾಗ ಹೋಗಿ. ಟೋಪಿ ಮಾತ್ರ ನಿಮ್ಮದೇ ಒಯ್ಯಿರಿ. ಅವರು ತಮ್ಮದನ್ನು ಕೊಡುವುದಿಲ್ಲ.